ಯಾಂಕುಬನ ಅಪ್ಪ ಎಲ್ಲಿ?

ಗ್ಯಾಂಬಿಯಾ ನದಿಯ ಬಡಗಣ ದಂಡೆಯ ಆ ಊರಿನಲ್ಲಿ ತಿಡಾಳನ್ನು ಹೆಸರು ಹಿಡಿದು ಕರೆಯುವವರು ಉಳಿದಿರಲಿಲ್ಲ. ಎಲ್ಲರಿಗೂ ಅವಳು ಯಾಂಕುಬನವ್ವ. ಇದ್ದೊಬ್ಬ ಮಗ ಊರು ಬಿಟ್ಟ ಮೇಲೂ ಅದೇ ಹೆಸರು ನಿಂತಿತು. ಗದ್ದೆಯಲ್ಲಿ ಬೇರೆ ಹೆಂಗಸರು ಮುಂದೆ ಹೋದರೂ ಅವಳ ನಾಟಿ ನಿಧಾನ. ಆದರೆ ಅವಳು ಊರಿದ ಪೈರು ಕಿತ್ತುಬಂದು ನೀರಿನಲ್ಲಿ ತೇಲಿದ್ದನ್ನು ಕಂಡವರಿಲ್ಲ.

ಗಂಡ ಕಾವ್ಸು ಕಡಲೆಕಾಯಿ ಬೆಳೆಯುತ್ತಿದ್ದ. ಹಿಂದಿನ ಸರ್ಕಾರದ ಕಾಲದಲ್ಲಿ ಒಂದು ದಿನ, ಊರಮರದ ಕಟ್ಟೆಯ ಮೇಲೆ ನಿಂತು, ಬಿತ್ತನೆ ಬೀಜವನ್ನು ದೊಡ್ಡವರು ನುಂಗಿದರು ಎಂದು ಗಟ್ಟಿಯಾಗಿ ಅಂದುಬಿಟ್ಟ. ಅದೇ ವಾರ ನಂಬರಿಲ್ಲದ ಗಾಡಿಯೊಂದು ಬಂತು. "ಬಂದ್ಬಿಡ್ತೀನಿ, ಸಾರು ಆರೋಕೆ ಬಿಡಬೇಡ" ಎಂದು ಹತ್ತಿದವನು ಬರಲಿಲ್ಲ. ಜೈಲಿನಿಂದ ಬಿಡುಗಡೆಯಾದ ಒಬ್ಬ ಬಂದು, ಅವನನ್ನು ಹೊಡೆದು ಸಾಯಿಸಿದ್ದನ್ನು ಕಣ್ಣಾರೆ ಕಂಡೆ ಎಂದು ತಿಡಾಳಿಗೂ ಹಿರಿಯರಿಗೂ ಗುಟ್ಟಾಗಿ ಹೇಳಿ, ತಾನೂ ಗಡಿ ದಾಟಿ ಹೋದ. ಹೆಣ ಬರಲಿಲ್ಲ. ಹೆಣವಿಲ್ಲದೆ ಶಾಸ್ತ್ರ ಹೇಗೆ ಮಾಡುವುದು ಎಂದು ಹಿರಿಯರು ಸುಮ್ಮನಾದರು. ಹೆದರಿಕೆಯೂ ಇತ್ತು.

ಆ ಜನರ ಕ್ಷೇಮ ವಿಚಾರಣೆ ಉದ್ದ. ಅವರ ಮಾತಿನಲ್ಲಿ ಹೇಗಿದ್ದಾರೆ ಎಂದು ಕೇಳುವುದಿಲ್ಲ, ಎಲ್ಲಿ ಎಂದು ಕೇಳುತ್ತಾರೆ. ಮನೆಯವರೆಲ್ಲ ಎಲ್ಲಿ? ಇದ್ದಾರೆ. ಮಕ್ಕಳೆಲ್ಲಿ? ಇದ್ದಾರೆ. ಒಳಗೆ ಯಾರಾದರೂ ಜ್ವರದಿಂದ ಮಲಗಿದ್ದರೂ ಇದ್ದಾರೆ ಎಂದೇ ಹೇಳಿ ವಿಚಾರಣೆ ಮುಗಿಸಬೇಕು. ಕೆಟ್ಟ ಸುದ್ದಿ ಏನಿದ್ದರೂ ಆಮೇಲೆ. ಸತ್ತವರ ಬಗ್ಗೆ ಹೀಗೆ ಕೇಳುವಂತಿಲ್ಲ. ಆದರೆ ಕಾವ್ಸುವಿಗೆ ಸಾವಿನ ಶಾಸ್ತ್ರವೇ ಆಗಿರಲಿಲ್ಲವಲ್ಲ, ಹಾಗಾಗಿ ಜನ ಮರ್ಯಾದೆಗೆಂದು ಅವನನ್ನೂ ಕೇಳುತ್ತಲೇ ಬಂದರು. ಯಾಂಕುಬನ ಅಪ್ಪ ಎಲ್ಲಿ? ಇದ್ದಾರೆ. ಬಾವಿಕಟ್ಟೆಯಲ್ಲಿ, ಗದ್ದೆಯ ಬದುವಿನಲ್ಲಿ, ವರ್ಷಗಟ್ಟಲೆ ತಿಡಾಳ ಬಾಯಿ ಅದನ್ನೇ ಹೇಳಿತು.

ಯಾಂಕುಬ ಮೀಸೆ ಮೂಡಿದ ವರ್ಷ ಹೊರಟ. ಊರಿನ ಹುಡುಗರೆಲ್ಲ ಹೋಗುತ್ತಿದ್ದುದು ಹಾಗೆಯೇ, ಮರಳುಗಾಡು ದಾಟಿ, ಆಮೇಲೆ ಕಡಲು ದಾಟಿ. ಹಿಂಬಾಗಿಲ ದಾರಿ ಎಂದು ಅದಕ್ಕೆ ಹೆಸರು. ಅವನು ಯುರೋಪ್ ಮುಟ್ಟಿ, ಊರಿಗೆ ಹೋದರೆ ಉಳಿಸುವುದಿಲ್ಲ, ಇಲ್ಲಿ ಆಸರೆ ಕೊಡಿ ಎಂದು ಅರ್ಜಿ ಹಾಕಿದ. ಮೊದಮೊದಲು ಹೋದ ಕೆಲವರಿಗೆ ಅಲ್ಲಿ ಆಸರೆ ಸಿಕ್ಕಿತ್ತು. ಅಷ್ಟರಲ್ಲಿ ಇಲ್ಲಿ ಸರ್ಕಾರ ಬದಲಾಯಿತು. ನಿಮ್ಮ ದೇಶ ಈಗ ಸರಿಹೋಯಿತಲ್ಲ, ವಾಪಸು ಹೋಗಿ ಎಂದು ಅಲ್ಲಿಯವರು ಒಬ್ಬೊಬ್ಬರನ್ನೇ ತಳ್ಳತೊಡಗಿದರು. ಇಮಾಮರ ಮೊಮ್ಮಗ ಬಂದ. ಕಮ್ಮಾರನ ಇಬ್ಬರು ಮಕ್ಕಳೂ ಬಂದರು. ಯಾಂಕುಬನದು ಮಾತ್ರ ಕೊನೆಯ ಮೇಲ್ಮನವಿಯಲ್ಲಿ ನಿಂತಿತ್ತು. ಅಪ್ಪನನ್ನು ಕೊಂದವರು ಇನ್ನೂ ಅಧಿಕಾರದಲ್ಲಿದ್ದಾರೆ ಎಂಬುದು ಅವನ ಮಾತು. ಉಳಿದವರಿಗೆ ಹೆದರಿಕೆ, ಸಾಕ್ಷಿ ಎಂದರೆ ತಾಯಿಯೊಬ್ಬಳೇ. ನ್ಯಾಯಾಧೀಶರು ಫೋನಿನಲ್ಲಿ ಅವಳನ್ನು ಕೇಳುವುದೆಂದು ಗೊತ್ತಾಯಿತು.

"ಅವ್ವಾ, ಇದ್ದಿದ್ದು ಇದ್ದಂಗೆ ಹೇಳು. ಅಪ್ಪನ್ನ ಕೊಂದ್ರು ಅನ್ನು. ಅಷ್ಟೇ ಸಾಕು, ನಾನು ಉಳ್ಕೋತೀನಿ" ಎಂದಿದ್ದ.

ಫೋನು ಪಕ್ಕದ ಮನೆಯ ಜುಲ್ಡೆಯದು. ಅವಳು ದನ ಸಾಕುವ ಫುಲಾ ಜನದವಳು. ಕುಲದ ಲೆಕ್ಕದಲ್ಲಿ ಇಬ್ಬರಿಗೂ ಬಾಯಿಗೆ ಬಂದಂತೆ ಗೇಲಿ ಮಾಡಿಕೊಳ್ಳುವ ಹಕ್ಕು.

"ಏ ಅನ್ನಬಾಕಿ, ಹಬ್ಬದ ಬಟ್ಟೆ ಯಾಕೇ ಉಟ್ಕೊಂಡೆ? ಅವರಿಗೇನು ಫೋನಲ್ಲಿ ಕಾಣುತ್ತಾ?"

"ಹಾಲುಗಳ್ಳಿ, ನೀನು ಸುಮ್ನಿರು. ದೊಡ್ಡೋರ ಹತ್ರ ಮಾತಾಡೋದು."

"ದೊಡ್ಡೋರಾದ್ರೆ ನಂದೂ ಒಂದು ಮಾತು ಹಾಕು. ಹಸು ಮೇಯಿಸೋಕಾದ್ರೂ ಕರೆಸ್ಕೊಳ್ಳಲಿ."

ಮಧ್ಯಾಹ್ನ ಫೋನು ಬಂತು. ದುಭಾಷಿಯದು ತಿಡಾಳದೇ ಮಾತು. ಕೇಳಿ ಅವಳ ಎದೆ ಹಗುರಾಯಿತು. ಆದರೆ ಅವನು ನಮಸ್ಕಾರ ಎನ್ನದೆ, ಕ್ಷೇಮ ಕೇಳದೆ, ನೇರವಾಗಿ ಹೆಸರು ಕೇಳಿದ. ಹೇಳಿದಳು.

"ಯಾಂಕುಬ ನಿಮಗೆ ಏನಾಗ್ಬೇಕು?"

"ನನ್ನ ಹೊಟ್ಟೇಲಿ ಹುಟ್ಟಿದೋನು."

ಆ ಕಡೆ ಪರಭಾಷೆಯಲ್ಲಿ ಏನೋ ಮಾತಾಯಿತು. ಮತ್ತೆ ದುಭಾಷಿಯ ದನಿ.

"ಯಾಂಕುಬನ ಅಪ್ಪ ಎಲ್ಲಿ?"

ಪಾಪ, ಈಗಲಾದರೂ ಕ್ಷೇಮ ವಿಚಾರಿಸಲು ನೆನಪಾಯಿತಲ್ಲ, ಒಳ್ಳೆಯ ಮನೆಯ ಹುಡುಗನೇ ಎಂದುಕೊಂಡಳು ತಿಡಾ.

"ಇದ್ದಾರೆ."

"ಇದ್ದಾರಾ?"

"ಇದ್ದಾರಪ್ಪಾ. ನಿಮ್ಮ ಮನೆಯವರೆಲ್ಲ ಎಲ್ಲಿ?"

ಅವನು ಆ ಕಡೆ ಪರಭಾಷೆಯಲ್ಲಿ ಏನೋ ಹೇಳಿದ. ಆಮೇಲೆ, "ಆಯ್ತು, ಇಷ್ಟು ಸಾಕಂತೆ" ಎಂದ. ಫೋನು ಸತ್ತಿತು.

"ಅಯ್ಯೋ, ನಾನಿನ್ನೂ ಹೇಳೇ ಇಲ್ಲ" ಎಂದಳು ತಿಡಾ ಫೋನಿಗೆ.

ಜುಲ್ಡೆಯ ಮುಖ ಬೂದಿಯಾಗಿತ್ತು. "ಏನಂದ್ಬಿಟ್ಟೆ ಯಾಂಕುಬನವ್ವಾ! ಅದು ಕ್ಷೇಮ ಕೇಳಿದ್ದಲ್ಲ ಕಣೇ, ನಿಜವಾಗ್ಲೂ ಕೇಳಿದ್ದು."

ತಿರುಗಿ ಹಚ್ಚಿದರೆ ಆ ನಂಬರು ತಗೊಳ್ಳಲಿಲ್ಲ. ಸಂಜೆ ಯಾಂಕುಬನೇ ಮಾಡಿದ. ಬಯ್ಯಲಿಲ್ಲ. ದುಭಾಷಿಗೆ ಅರ್ಥವಾಗಿತ್ತಂತೆ, ಆದರೆ ಆಡಿದ ಮಾತನ್ನಷ್ಟೇ ಹೇಳುವುದು ಅವನ ಕೆಲಸವಂತೆ. ವಕೀಲರು ಇವರ ಪದ್ಧತಿಯನ್ನು ಬಿಡಿಸಿ ಹೇಳಿದರೂ, ಇದು ಆಮೇಲೆ ಕಟ್ಟಿದ ಕಥೆ ಎಂದು ನ್ಯಾಯಾಧೀಶರು ತಳ್ಳಿಬಿಟ್ಟರಂತೆ. "ಅವ್ವಾ, ಅಪ್ಪ ಇದ್ದಾರಂತೆ" ಎಂದು ನಕ್ಕ. ಆ ನಗು ಕೇಳಲಾರದೆ ತಿಡಾ ಫೋನನ್ನು ಜುಲ್ಡೆಯ ಕೈಗೆ ಕೊಟ್ಟಳು.

ಮಳೆ ಹಿಡಿಯುವ ಹೊತ್ತಿಗೆ ಅವನನ್ನು ಬೇರೆ ಹುಡುಗರ ಜೊತೆ, ಕೈಗಳನ್ನು ಪಟ್ಟಿಯಿಂದ ಬಿಗಿದು, ವಿಮಾನದಲ್ಲಿ ತಂದು ಬಿಟ್ಟರು. ಊರಿಗೆ ಬಂದವನು ಮನೆಯಿಂದಾಚೆ ಹೋಗಿದ್ದು ಒಮ್ಮೆಯೇ. ಆಗ ಕಟ್ಟೆಯ ಮೇಲೆ ಚಹಾ ಕಾಯಿಸುತ್ತಿದ್ದವರು, "ಸಾಹೇಬ್ರು ಬಂದ್ರಪ್ಪಾ! ಪೆಟ್ಟಿಗೆಗಳು ಹಡಗಲ್ಲಿ ಬರ್ತಾ ಇವೆಯೇನೋ" ಎಂದರು. ಅವರಲ್ಲಿ ಕಮ್ಮಾರನ ಮಕ್ಕಳೂ ಇದ್ದರು. ಅವನು ಗೋಡೆಗೆ ಮುಖ ಮಾಡಿ ಮಲಗುವುದನ್ನು ಕಲಿತ. ತಾಯಿ ಮುಂದಿಟ್ಟ ತಟ್ಟೆ ಆರುತ್ತಿತ್ತು.

ಒಂದು ಸಂಜೆ ತಾನಾಗಿ ಬಾಯಿ ಬಿಟ್ಟ. "ಅವ್ವಾ, ನಿಜ ಹೇಳು. ಅಪ್ಪ ಎಲ್ಲೋ ಇದ್ದಾರೆ ಅಂತ ನಿನ್ನ ಮನಸ್ಸಲ್ಲಿತ್ತಾ?"

ತಿಡಾ ಆರಿದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಇಲ್ಲ ಮಗಾ. ಸತ್ತಿದ್ದಾರೆ. ಹೊಡೆದು ಕೊಂದ್ರು."

ಅಷ್ಟು ವರ್ಷದಲ್ಲಿ ಆ ಮಾತನ್ನು ಅವಳು ಬಾಯಿಂದ ಆಡಿದ್ದು ಅದೇ ಮೊದಲು. ಕೇಳಬೇಕಾದವರು ಯಾರೂ ಅಲ್ಲಿರಲಿಲ್ಲ.

"ಎಷ್ಟು ಚೆನ್ನಾಗಿ ಹೇಳ್ತೀಯಲ್ಲವ್ವಾ" ಎಂದ ಯಾಂಕುಬ. ಗೋಡೆಯಿಂದ ಇತ್ತ ತಿರುಗಿ, "ಈಗ ಮೀನುಗಾರರ ದೋಣಿಗಳೇ ಹೋಗ್ತಾ ಇವೆಯಂತೆ, ನೇರ ಕಡಲ ಮೇಲೆ. ನಾನೂ ಹೋಗ್ತೀನಿ" ಎಂದ.

ಹೋಗಬೇಡ, ಇಲ್ಲಿರು ಎಂದರೆ ಏನನ್ನು ತೋರಿಸುವುದು, ಆ ಗೋಡೆಯನ್ನೇ? ಬೆಳಗಾದ ಮೇಲೆ ಸಜ್ಜೆ ಹುರಿದಳು. ಕಡಲೆಬೀಜ ಹುರಿದು ಸಿಪ್ಪೆ ಉಜ್ಜಿದಳು. ಕೆಡಬಾರದೆಂದು ಒಂದು ಹನಿ ನೀರು ತಾಗಿಸದೆ, ಸಕ್ಕರೆ ಸೇರಿಸಿ ಒರಳಿಗೆ ಹಾಕಿದಳು. ಸದ್ದು ಕೇಳಿ ಜುಲ್ಡೆ ಬಂದಳು. "ಅನ್ನಬಾಕಿ, ಇಷ್ಟೊಂದು ಯಾರಿಗೇ?" ಎಂದವಳು ಒಳಗೆ ಕಟ್ಟಿಟ್ಟಿದ್ದ ಚೀಲ ನೋಡಿ, ಇನ್ನೊಂದು ಒನಕೆ ತೆಗೆದುಕೊಂಡು ಎದುರು ನಿಂತಳು.

ಅವನು ಹತ್ತಿದ ದೋಣಿ ದಡ ಬಿಟ್ಟದ್ದನ್ನು ಕಂಡವರಿದ್ದಾರೆ. ಎಲ್ಲಿಯಾದರೂ ದಡ ಮುಟ್ಟಿತೆಂದು ಕೇಳಿದವರು ಇದುವರೆಗೂ ಯಾರೂ ಇಲ್ಲ.