ನಮಗಿಲ್ಲದ ನೆಂಟರ ತೋಟ

ಪ್ರತಿ ಶನಿವಾರ ಬೆಳಿಗ್ಗೆ ನಾನು ತ್ಯಾಮಗೊಂಡ್ಲು ಕಡೆಯ ಒಂದು ತೋಟಕ್ಕೆ ಹೋಗುತ್ತೇನೆ. ಯಾರಿಗೂ ಬೇಡವಾದ ಹಸು, ಕುರಿ, ಕೋಳಿಗಳನ್ನು ತಂದು ಸಾಕುವ ಜಾಗ ಅದು. ನರ್ಸರಿ ಮಕ್ಕಳು ಬಸ್ಸಿನಲ್ಲಿ ಬರುತ್ತಾರೆ. ಪ್ರಾಣಿಗಳನ್ನು ಹೇಗೆ ಮುಟ್ಟಬೇಕು, ಯಾವಾಗ ಮುಟ್ಟಬಾರದು ಎಂದು ತೋರಿಸಿಕೊಡುವುದು ನನ್ನ ಕೆಲಸ. ಸಂಬಳವಿಲ್ಲ, ಇದ್ದಿದ್ದರೂ ನಾನು ಪಡುವ ಗಾಬರಿಗೆ ಸಾಲುತ್ತಿರಲಿಲ್ಲ. ಕೋಳಿ ಕುಕ್ಕಿದರೆ? ಮಗು ಸಗಣಿಯಲ್ಲಿ ಜಾರಿದರೆ? ಮಕ್ಕಳ ಗದ್ದಲಕ್ಕೆ ಕುರಿಯ ಎದೆಯೇ ಒಡೆದುಹೋದರೆ? ನನ್ನ ಚೀಲದಲ್ಲಿರುವ ಬ್ಯಾಂಡೇಜಿನಲ್ಲಿ ಒಂದು ಎಮ್ಮೆಯನ್ನು ಪೂರ್ತಿ ಸುತ್ತಬಹುದು.

ಆ ದಿನ ನಾಲ್ಕೈದು ವರ್ಷದ ಹುಡುಗಿಯೊಬ್ಬಳು ಮುದಿ ಸೀಮೆಹಸುವಿನ ಪಕ್ಕ ನಿಂತಿದ್ದಳು. ಯಾರದೋ ಮನೆಯಲ್ಲಿ ವರ್ಷಗಟ್ಟಲೆ ಹಾಲು ಕರೆಸಿಕೊಂಡು, ಬತ್ತಿದ ಮೇಲೆ ಹೆದ್ದಾರಿ ಪಕ್ಕದಲ್ಲಿ ಸಿಕ್ಕಿದ ಹಸು ಅದು. ಅದರ ಹಿಂಗಾಲಿನ ಗೊರಸು ಹುಡುಗಿಯ ಬಿಳಿ ಶೂಗೆ ಎರಡೇ ಬೆರಳು ದೂರ. ಮಗುವನ್ನು ಈಚೆಗೆ ಎಳೆದುಕೊಳ್ಳುವುದು ಬಿಟ್ಟು ನಾನು ಹಸುವಿನ ತೊಡೆಗೆ ಮೆಲ್ಲಗೆ ತಟ್ಟಿ "ಕಾಲು" ಅಂದೆ. ನನ್ನಮ್ಮ ಹಾಲು ಕರೆಯಲು ಕೂರುವ ಮುಂಚೆ ಹಾಗೆಯೇ ಅನ್ನುತ್ತಿದ್ದಳು.

ಹಸು ಕಾಲನ್ನು ಹಿಂದಕ್ಕಿಟ್ಟಿತು. ಅಷ್ಟಕ್ಕೇ ಬಿಡಲಿಲ್ಲ, ಮೆಲುಕು ನಿಲ್ಲಿಸಿ, ಹಾಲು ಕರೆಸಿಕೊಳ್ಳಲು ಸಿದ್ಧವಾಗಿ ನಿಂತುಬಿಟ್ಟಿತು. ಕೆಚ್ಚಲು ಖಾಲಿ ಚೀಲದಂತೆ ಜೋತುಬಿದ್ದಿತ್ತು. ಅಲ್ಲೇ ಹುಲ್ಲು ಹಾಕುತ್ತಿದ್ದ ಹೆಂಗಸು, ಪ್ರಾಣಿಗಳನ್ನೆಲ್ಲ ನೋಡಿಕೊಳ್ಳುವವರು, ನಕ್ಕರು. "ಚೊಂಬು ತರ್ಲಾ ಸಾರ್?"

ಹಸು ಮಾತ್ರ ಕತ್ತು ತಿರುಗಿಸಿ ಹಿಂದೆ ಹಿಂದೆ ನೋಡುತ್ತಿತ್ತು. ಏನು ನೋಡುತ್ತಿದೆ ಎಂದು ಹುಡುಗಿ ಕೇಳಿದಳು. ಹಾಲು ಕರೆಯುವ ಮುಂಚೆ ಕರು ಬಿಡುತ್ತಾರಲ್ಲ, ಅದಕ್ಕೆ ಕಾಯುತ್ತಿದೆ ಎಂದು ಆ ಹೆಂಗಸು ವಿವರಿಸಿದರು. ಈಗ ನಗುತ್ತಿರಲಿಲ್ಲ.

"ಅದ್ರ ಪಾಪು ಎಲ್ಲಿ ಅಂಕಲ್?"

ಉತ್ತರ ನನ್ನ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು: ನೆಂಟರ ತೋಟಕ್ಕೆ ಹೋಗಿದೆ. ನನಗೆ ಏಳು ವರ್ಷವಿದ್ದಾಗ ಅಮ್ಮ ಹೇಳಿದ್ದೂ ಅದನ್ನೇ. ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಹುಟ್ಟಿದ ಗಂಡು ಕರು, ಒಂದು ದಿನ ನಾನು ಸ್ಕೂಲಿನಿಂದ ಬರುವಷ್ಟರಲ್ಲಿ ಇರಲಿಲ್ಲ. ತ್ಯಾಮಗೊಂಡ್ಲಿನ ನೆಂಟರ ತೋಟದಲ್ಲಿ ಬೇಕಾದಷ್ಟು ಹುಲ್ಲಿದೆ, ಆರಾಮಾಗಿರುತ್ತೆ ಅಂದಳು. ತ್ಯಾಮಗೊಂಡ್ಲಿನಲ್ಲಿ ನಮಗೆ ನೆಂಟರೇ ಇಲ್ಲ ಎಂದು ಹೊಳೆಯುವ ಹೊತ್ತಿಗೆ ನನಗೆ ಮೀಸೆ ಬಂದಿತ್ತು. ಆದರೂ ಆ ತೋಟ ಮನಸ್ಸಿನಿಂದ ಹೋಗಿಲ್ಲ. ಈ ದಾರಿಯಲ್ಲಿ ಹಣೆಯ ಮೇಲೆ ಬಿಳಿ ಚುಕ್ಕೆಯಿರುವ ಎತ್ತು ಕಂಡರೆ ಇವತ್ತಿಗೂ ಸ್ಕೂಟರ್ ನಿಧಾನ ಮಾಡುತ್ತೇನೆ. ದನಗಳು ನಲವತ್ತು ವರ್ಷ ಬದುಕುವುದಿಲ್ಲ ಎಂಬುದು ನನಗೂ ಗೊತ್ತು.

ಅದೇ ಸುಳ್ಳು ಹೇಳಿದರೆ ಈ ಮಗುವೂ ಎಲ್ಲೋ ಒಂದು ತೋಟವನ್ನು ಹುಡುಕುತ್ತಾ ಬೆಳೆಯುತ್ತದೆ. ನಿಜ ಹೇಳಿದರೆ ಬಸ್ಸಿನಲ್ಲಿ ಅಳುತ್ತದೆ, ಅವರಮ್ಮ ಫೋನ್ ಮಾಡುತ್ತಾರೆ, ನನ್ನ ಶನಿವಾರಗಳು ಅಲ್ಲಿಗೆ ಮುಗಿಯುತ್ತವೆ.

"ಗೊತ್ತಿಲ್ಲ ಕಣಮ್ಮ," ಅಂದೆ. "ಗಂಡು ಕರು ಆಗಿದ್ರೆ, ಹಾಲು ಕೊಡಲ್ಲ ಅಂತ ಕಳಿಸ್ಬಿಟ್ಟಿರ್ತಾರೆ. ನಮ್ಮನೇದನ್ನೂ ಹಂಗೇ ಕಳಿಸ್ಬಿಟ್ರು. ಮತ್ತೆ ಬರ್ಲಿಲ್ಲ."

"ಎಲ್ಲಿಗೆ ಅಂತ ನೀವು ಕೇಳ್ಲಿಲ್ವಾ?"

"ಕೇಳಿದ್ರೆ ಹೇಳ್ಬಿಡ್ತಾರೇನೋ ಅಂತ ಭಯ."

ಹುಡುಗಿ ಅಳಲಿಲ್ಲ. ಹಸುವನ್ನು ನೋಡಿದಳು, ನನ್ನನ್ನು ನೋಡಿದಳು. "ನಿಮ್ಮನೇದು ಹೆಂಗಿತ್ತು?"

ಇಷ್ಟು ವರ್ಷಗಳಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಅವಳ ಪಕ್ಕ ನೆಲದ ಮೇಲೆ ಕೂತು ಹಣೆಯಿಂದ ಶುರುಮಾಡಿದೆ. ಕಿವಿಯ ಒಳಗಿನ ತೆಳುಗೆಂಪು, ಬೆರಳು ಚೀಪುವಾಗಿನ ಒರಟು ನಾಲಿಗೆ, ಯೂನಿಫಾರಂ ಅಗಿದು ನನಗೆ ಬೈಸಿದ್ದು, ಮುಂಗಾಲು ಮಡಚಿ ಮಲಗುತ್ತಿದ್ದ ರೀತಿ. ಗೇಟಿನಲ್ಲಿ ಬಸ್ಸು ಎರಡು ಸಲ ಹಾರ್ನ್ ಹೊಡೆಯಿತು. ನಾನಿನ್ನೂ ಬಾಲದವರೆಗೆ ಬಂದಿರಲಿಲ್ಲ.