ಹವಾಲ್ದಾರ್ ಉತ್ತಪ್ಪನ ಅಲ್ಯೂಮಿನಿಯಂ ಸೇತುವೆ

ಅಲ್ಯೂಮಿನಿಯಮ್ಮಿನಲ್ಲೂ ಸೇತುವೆ ಕಟ್ಟುತ್ತಾರೆ ಎಂದು ಗಿರಿಜಮ್ಮ ಮೊದಲು ಕೇಳಿದ್ದು ಒಂದು ಸಂಕಷ್ಟಿಯ ಬೆಳಿಗ್ಗೆ, ಕಾಯಿ ತುರಿಯುತ್ತ ಕೂತಿದ್ದಾಗ. ಮೊಮ್ಮಗಳು ಅನನ್ಯಾ ಲಿಫ್ಟಿನ ಬಾಗಿಲಿಗೆ ಅಂಟಿಸಿದ್ದ ನೋಟೀಸಿನ ಫೋಟೋ ಹಿಡಿದುಕೊಂಡು ಬಂದಳು.

“ಅಜ್ಜೀ, ಸುನೋ! ಹಿಂದಿನ ನಾಲಾ ಮೇಲೆ ಪುಲ್ ಬರ್ತಿದೆ. ಪೂರಾ ಅಲ್ಯೂಮಿನಿಯಂ. ಇನ್ಮೇಲೆ ಮೆಟ್ರೋಗೆ ಸೀದಾ.”

“ಇಡ್ಲಿ ತಟ್ಟೆ ಮಾಡೋ ಅಲ್ಯೂಮಿನಿಯಮ್ಮೇನೇ?”

“ಹಾಂ, ವಹೀ.”

“ನಿಮ್ಮ ಸೊಸೈಟಿಯವರಿಗೆ ತಲೆ ನೆಟ್ಟಗಿದೆಯಾ? ಸೌಟು ತಾಗಿದರೆ ತಗ್ಗು ಬೀಳುತ್ತೆ ಅದು. ನಮ್ಮ ಸೆಕ್ರೆಟರಿ ಸಾಹೇಬ್ರು ಆ ಹೊಟ್ಟೆ ಹೊತ್ತುಕೊಂಡು ಹತ್ತಿದರೆ ಏನು ಗತಿ?”

ಲೋಹದ ವಿಷಯದಲ್ಲಿ ಗಿರಿಜಮ್ಮನ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿರಲಿಲ್ಲ. ಓದಿದ್ದು ನಾಲ್ಕನೇ ಕ್ಲಾಸು. ಆದರೆ ನಾಗಮಂಗಲದಲ್ಲಿ ತಂದೆಗೆ ಪಾತ್ರೆ ಅಂಗಡಿ ಇತ್ತು. ಹೊಸ ಸರಕು ಬಂದ ದಿನ ತಂದೆ ಒಂದೊಂದೇ ತಂಬಿಗೆಯನ್ನು ಬೆರಳ ಗಿಣ್ಣಿನಿಂದ ಬಡಿಯುತ್ತಿದ್ದರು, ಪಕ್ಕದಲ್ಲಿ ಕೂತ ಮಗಳು “ಇದು ಮೂಗಿ” ಎಂದು ಬಿರುಕು ಬಿಟ್ಟಿದ್ದನ್ನು ಆರಿಸಿ ಹೇಳುತ್ತಿದ್ದಳು. ಮದುವೆಯಾಗಿ, ಸರ್ಕಾರಿ ಕಚೇರಿಯ ಗುಮಾಸ್ತ ಚಂದ್ರಕಾಂತರ ಹಿಂದೆ ದೆಹಲಿಗೆ ಬಂದು ನಲವತ್ತಾರು ವರ್ಷ. ಅವರು ತೀರಿಕೊಂಡು ಒಂಬತ್ತು. ಕಣ್ಣು ಮಂಜಾಗಿತ್ತು, ಮಂಡಿ ಹಟ ಮಾಡುತ್ತಿತ್ತು. ಕಿವಿ ಮಾತ್ರ ಹಾಗೇ ಇತ್ತು.

ಸೇತುವೆ ಮಾನೇಸರದ ಕಾರ್ಖಾನೆಯಿಂದ ಒಂದೇ ಲಾರಿಯಲ್ಲಿ ಬಂತು. ಮಯೂರ್ ವಿಹಾರದ ಆ ನಾಲಾ ದಡಕ್ಕೆ ಕ್ರೇನು ಬರುವಷ್ಟು ಜಾಗವಿಲ್ಲ, ಅದಕ್ಕೇ ಈ ಹಗುರ ಲೋಹ. ಆರೇಳು ಜನ ಬೆಳ್ಳನೆಯ ತೊಲೆಗಳನ್ನು ಹೆಗಲ ಮೇಲೆ ಹೊತ್ತು ಇಳಿಸಿದರು. ಅವರನ್ನು ಗದರಿಸುತ್ತ ನಿಂತಿದ್ದವರು ನೆಟ್ಟಗಿನ ಬೆನ್ನಿನ, ಬಿಳಿ ಮೀಸೆಯ ಒಬ್ಬ ಮನುಷ್ಯ. ಗದರಿಕೆಯೆಲ್ಲ ಹಿಂದಿಯಲ್ಲಿ, ಬೈಗುಳ ಮಾತ್ರ ಕನ್ನಡದಲ್ಲಿ: “ಲೇ ಕತ್ತೆ, ಆ ತುದಿ ಎತ್ತೋ!”

ಕನ್ನಡ ಕಿವಿಗೆ ಬಿದ್ದದ್ದೇ ಗಿರಿಜಮ್ಮ ದಡದಿಂದ ಕೂಗಿದರು, “ಯಾವೂರಾಯ್ತಪ್ಪಾ ನಿಮ್ಮದು?” ಅವರು ತಿರುಗಿ ನೋಡಲಿಲ್ಲ. ಎರಡನೇ ಸಲಕ್ಕೂ ನೋಡಲಿಲ್ಲ. ಅಬ್ಬಾ ಜಂಬವೇ ಎಂದುಕೊಂಡು ಗಿರಿಜಮ್ಮ ಮನೆಗೆ ಹೋದರು.

ನಾಲ್ಕೇ ದಿನದಲ್ಲಿ ಸೇತುವೆ ನಿಂತಿತು. ಸೆಕ್ರೆಟರಿ ಸಾಹೇಬರು ಹತ್ತಿ ಇಳಿದರೂ ಏನೂ ಆಗಲಿಲ್ಲ. ಆ ಮನುಷ್ಯ ಅಲ್ಲೇ ಉಳಿದರು. ಹೆಸರು ಉತ್ತಪ್ಪ, ಕೊಡಗಿನವರು, ಸೇನೆಯ ಇಂಜಿನಿಯರ್ ದಳದಿಂದ ಹವಾಲ್ದಾರರಾಗಿ ನಿವೃತ್ತರಾದವರು. ಕಂಪನಿ ಅವರನ್ನು ಸೇತುವೆ ನೋಡಿಕೊಳ್ಳಲು ಇಟ್ಟಿದೆ ಎಂದು ಹಾಲಿನ ಭಯ್ಯಾ ಹೇಳಿದ.

ದಿನಾ ಬೆಳಿಗ್ಗೆ ಉತ್ತಪ್ಪ ಒಂದು ಪುಟ್ಟ ಸುತ್ತಿಗೆ ಹಿಡಿದು ಈ ತುದಿಯಿಂದ ಆ ತುದಿಗೆ ಒಂದೊಂದೇ ಬೋಲ್ಟನ್ನು ಬಡಿಯುತ್ತ ಹೋಗುತ್ತಿದ್ದರು. ತಂದೆ ತಂಬಿಗೆ ಬಡಿಯುತ್ತಿದ್ದ ಹಾಗೇ. ಬಿಗಿಯಿದ್ದ ಬೋಲ್ಟು ಠಣ್ ಎನ್ನುತ್ತದೆ, ಸಡಿಲಿದ್ದರೆ ಸದ್ದು ಮಂಕು. ಆದರೆ ಗಿರಿಜಮ್ಮನಿಗೆ ಒಂದು ವಿಚಿತ್ರ ಕಂಡಿತು. ಬಡಿಯುವವರು ಕಿವಿ ಕೊಡುವುದರ ಬದಲು ಎಡಗೈ ಬೆರಳನ್ನು ಬೋಲ್ಟಿನ ಪಕ್ಕಕ್ಕೆ ಒತ್ತಿ ಹಿಡಿಯುತ್ತಿದ್ದರು. ಒಂದು ದಿನ ಸದ್ದು ಮಂಕಾಗಿ ಬಂತು. ಉತ್ತಪ್ಪ ಮುಂದಿನದಕ್ಕೆ ಹೋಗಿಬಿಟ್ಟರು.

ಗಿರಿಜಮ್ಮ ಅವರ ಎದುರಿಗೇ ಹೋಗಿ ನಿಂತರು. “ಉತ್ತಪ್ಪನೋರೇ, ಹಿಂದಿನದು ಸಡಿಲ ಇದೆ.”

ಉತ್ತಪ್ಪ ಅವರ ತುಟಿಯನ್ನೇ ನೋಡುತ್ತಿದ್ದರು. ವಾಪಸು ಹೋಗಿ ಸ್ಪ್ಯಾನರ್ ಹಾಕಿದರೆ ಅರ್ಧ ಸುತ್ತು ತಿರುಗಿತು.

“ಕಿವಿ ಕೇಳೋದಿಲ್ಲ ಅಲ್ವಾ ನಿಮಗೆ?”

“ಮೆಲ್ಲಗೆ ಮಾತಾಡಿ ಅಮ್ಮಾ.”

“ಕೇಳಿಸದವರಿಗೆ ಮೆಲ್ಲಗೆ ಹೇಳಿದರೇನು, ಕೂಗಿ ಹೇಳಿದರೇನು?”

ಉತ್ತಪ್ಪ ನಕ್ಕುಬಿಟ್ಟರು. ಬಂಡೆ ಸಿಡಿಸುವ ಕೆಲಸದಲ್ಲಿ ಬಲಗಿವಿ ಹೋಗಿತ್ತು, ಈ ಎರಡು ವರ್ಷದಲ್ಲಿ ಎಡಗಿವಿಯೂ. ಕಂಪನಿಗೆ ಗೊತ್ತಾದರೆ ಆವತ್ತೇ ಗೇಟಿನ ಹೊರಗೆ. ಕಿವಿ ಕೇಳದವರನ್ನು ಸೈಟಿನಲ್ಲಿ ಇಡುವಂತಿಲ್ಲ ಎಂಬುದು ಅವರ ಕಾನೂನು.

“ಮಗಳು ಜೀವಿತಾ ಮೈಸೂರಿಗೆ ಬಾ ಅಂತಾಳೆ. ಹೋಗಿ ಕೂತು ಏನು ಮಾಡಲಿ? ಇಪ್ಪತ್ತನಾಲ್ಕು ವರ್ಷ ಸೇತುವೆ ಕಟ್ಟಿದ್ದೀನಮ್ಮಾ. ಒಂದೂ ನಿಂತಿಲ್ಲ.”

“ಬಿದ್ದುಹೋದವಾ?”

“ಬೀಳೋಕೆಲ್ಲಿ ಬಿಟ್ಟರು! ಪಲ್ಟನ್ ದಾಟಿದ ಕೂಡಲೇ ಬಿಚ್ಚು, ಲಾರಿಗೆ ಹಾಕು, ಮುಂದೆ ನಡೆ. ನಾನು ಕಟ್ಟಿ ಹಾಗೇ ನಿಲ್ಲೋಕೆ ಬಿಟ್ಟಿರೋದು ಇದೊಂದೇ. ಕಣ್ಣೆದುರಿಗೆ ಇರಲಿ ಅಂತ ಆಸೆ.”

ಮರುದಿನದಿಂದ ಇಬ್ಬರೂ ಜೊತೆಗೆ ನಡೆದರು. ಅವರು ಬಡಿಯುವುದು, ಇವರು ಕೇಳುವುದು. ಮಂಕಾದರೆ ಗಿರಿಜಮ್ಮ ಸೆರಗಿನ ತುದಿ ಎತ್ತುತ್ತಿದ್ದರು. ಪಾರ್ಕಿನ ಹೆಂಗಸರು ಕಿಚಾಯಿಸಿದರು. “ಅಜ್ಜಿ ಪುಲ್‌ಗೆ ಶ್ರುತಿ ಕೂಡಿಸ್ತಾಳೆ” ಎಂದು ಅನನ್ಯಾ ಮನೆಯಲ್ಲಿ ಹಾಡಿದಳು. ಗಿರಿಜಮ್ಮ ಗುಟ್ಟು ಬಿಡಲಿಲ್ಲ. ಮಂಡಿ ನೋವಿಗೆ ಡಾಕ್ಟರು ನಡೆಯೋಕೆ ಹೇಳಿದ್ದಾರೆ ಎಂದು ಬಾಯಿ ಮುಚ್ಚಿಸಿದರು.

ಹೀಗೆ ಒಂದೂವರೆ ವರ್ಷ. ನಡುವೆ ಮೆಟ್ರೋ ಕಡೆಯ ತುದಿಯಲ್ಲಿ ಯಾರೋ ಗುಜರಿಗೆಂದು ಕೆಲವು ಬೋಲ್ಟು ಬಿಚ್ಚಿಕೊಂಡು ಹೋದರು. ಉತ್ತಪ್ಪ ಜ್ವರ ಬಂದು ಮಲಗಿದ್ದ ದಿನವೇ ಕಂಪನಿಯ ಕಡೆಯವರು ಯಾರೋ ಬಂದು ಬೇರೆ ಬೋಲ್ಟು ಹಾಕಿ ಹೋಗಿದ್ದರು. ಮಳೆಗಾಲ ಕಳೆಯಿತು. ಒಂದು ಬೆಳಿಗ್ಗೆ ಆ ತುದಿಯಲ್ಲಿ ಗಿರಿಜಮ್ಮನ ಸೆರಗು ಮೇಲೆದ್ದಿತು. ಉತ್ತಪ್ಪ ಸ್ಪ್ಯಾನರ್ ಹಾಕಿದರು, ಅಲುಗಲಿಲ್ಲ.

“ಬಿಗಿ ಇದೆಯಲ್ಲಾ ಅಮ್ಮಾ?”

“ಬಿಗಿಯೋ ಸಡಿಲವೋ, ಅದು ಮೂಗಿ.”

ಉತ್ತಪ್ಪ ಬಗ್ಗಿ ಉಗುರಿನಿಂದ ಕೆರೆದರು. ಬೋಲ್ಟಿನ ಸುತ್ತ ಬಿಳಿ ಪುಡಿ ಉದುರಿತು. ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಣಸೆ ಸಾರು ಬಿಟ್ಟರೆ ಒಳಗೆಲ್ಲ ಹಾಗೇ ಬೆಳ್ಳಗೆ ತಿಂದುಹೋಗುವುದನ್ನು ಗಿರಿಜಮ್ಮ ಕಂಡಿದ್ದರು. ಉತ್ತಪ್ಪನ ಮುಖ ಇಳಿಯಿತು. ಹಾಕಿರುವುದು ಬರೀ ಕಬ್ಬಿಣದ ಬೋಲ್ಟು. ಎರಡು ಲೋಹ ತಾಗದಂತೆ ನಡುವೆ ಇಡುವ ನೈಲಾನ್ ಬಿಲ್ಲೆಯೂ ಇಲ್ಲ. ಕಬ್ಬಿಣ, ಅಲ್ಯೂಮಿನಿಯಂ ಒದ್ದೆಯಲ್ಲಿ ಒಂದಕ್ಕೊಂದು ತಾಗಿದರೆ ಅಲ್ಯೂಮಿನಿಯಂ ಸವೆಯುತ್ತದೆ.

ಅವರು ಫೋನಿನಲ್ಲಿ ಕಂಪನಿಗೆ ಫೋಟೋ ಕಳಿಸಿದರು. ಮಾನೇಸರದಿಂದ ಕರಣ್ ಎಂಬ ಎಳೆಯ ಇಂಜಿನಿಯರ್ ಬಂದ. ಬಿಗಿತ ಅಳೆಯುವ ದೊಡ್ಡ ಸ್ಪ್ಯಾನರ್ ಹಾಕಿ ನೋಡಿ, ಉತ್ತಪ್ಪನ ಎದುರಿಗೇ ನಿಂತು ಹಿಂದಿಯಲ್ಲಿ ಹೇಳಿದ, “ಅಂಕಲ್, ರೀಡಿಂಗ್ ಸರಿಯಾಗಿದೆ. ಮೇಲ್ಮೇಲೆ ಸ್ವಲ್ಪ ಪುಡಿ, ಒರೆಸಿದರೆ ಆಯ್ತು. ಇಷ್ಟಕ್ಕೆ ಪುಲ್ ಬಂದ್ ಮಾಡೋಕಾಗುತ್ತಾ?”

“ಸದ್ದು ಸರಿಯಿಲ್ಲ ಸಾಬ್. ನಟ್ಟಿಗೆ ತುಕ್ಕು ಹಿಡಿದು ಬಿಗಿದಿದೆ. ಒಳಗೆ ತೂತು ಅಗಲ ಆಗಿರುತ್ತೆ.”

“ನನಗಂತೂ ಎಲ್ಲಾ ಒಂದೇ ಥರ ಕೇಳಿಸ್ತಿದೆ. ನಿಮಗೆ ಕೇಳಿಸ್ತಾ?”

ಹೂಂ ಅಂದುಬಿಡಿ, ನಾನಿದ್ದೀನಿ ಎಂದು ಮನಸ್ಸಿನಲ್ಲೇ ಹೇಳುತ್ತ ಗಿರಿಜಮ್ಮ ಸೆರಗನ್ನು ಬೆರಳಿಗೆ ಸುತ್ತಿಕೊಂಡು ಸಿದ್ಧವಾದರು. ಉತ್ತಪ್ಪ ‘ಇಲ್ಲ, ನನ್ನ ಭ್ರಮೆ’ ಎಂದರೂ ಆಗುತ್ತಿತ್ತು. ಕರಣ್ ಹೊರಟುಹೋಗುತ್ತಿದ್ದ, ಕೆಲಸ ಉಳಿಯುತ್ತಿತ್ತು. ಆಗ ಸ್ಕೂಲಿನ ಮಕ್ಕಳ ಗುಂಪೊಂದು ಅವರ ಪಕ್ಕದಲ್ಲೇ ದಬದಬನೆ ಓಡಿಹೋಯಿತು. ಮಕ್ಕಳು ಆ ತುದಿ ಮುಟ್ಟುವವರೆಗೂ ಉತ್ತಪ್ಪ ನೋಡಿದರು.

“ಸಾಬ್, ನನಗೆ ಎರಡು ಕಿವಿಯೂ ಕೇಳೋದಿಲ್ಲ. ಬಂದ ದಿನದಿಂದಲೂ ಇಲ್ಲ. ಕೇಳಿದ್ದು ಈ ಅಮ್ಮ. ನನ್ನ ಮಾತು ಬಿಡಿ, ಇವರ ಕಿವಿ ನಂಬಿ.”

ಕರಣ್ ಇಬ್ಬರನ್ನೂ ಪಿಳಿಪಿಳಿ ನೋಡಿದ. ಆಮೇಲೆ ಗಿರಿಜಮ್ಮನನ್ನು ಬೆನ್ನು ತಿರುಗಿಸಿ ನಿಲ್ಲಿಸಿ ತಾನೇ ಸುತ್ತಿಗೆ ಹಿಡಿದ. ಹಿಂದೆ ಮುಂದೆ ಮಾಡಿ, ಹೊಡೆದದ್ದನ್ನೇ ಮತ್ತೆ ಹೊಡೆದು ಪರೀಕ್ಷೆ ಮಾಡಿದ.

“ಇದು ಸರಿ. ಇದೂ ಸರಿ. ಇದು ಮೂಗಿ. ಅದನ್ನೇ ಮತ್ತೆ ಬಡಿದೆಯಲ್ಲಪ್ಪಾ, ಆಟ ಆಡ್ತೀಯಾ? ಇದು ಸರಿ. ಇದು... ಇದೂ ಮೂಗಿಯೇ.”

ಕೊನೆಯದು ಉತ್ತಪ್ಪನಿಗೂ ಹೊಸದು. ಎರಡನ್ನೂ ಬಿಚ್ಚಿಸಿದರು. ಬೋಲ್ಟು ಹೊರಬಂದಾಗ ಅದರ ಜೊತೆ ಸುತ್ತಲ ಲೋಹ ನೆನೆದ ಹಪ್ಪಳದ ಹಾಗೆ ಪದರು ಪದರಾಗಿ ಕಿತ್ತು ಬಂತು. ಕರಣ್ ಕೂಡಲೇ ಸೇತುವೆಯ ಎರಡೂ ಕಡೆ ಹಗ್ಗ ಕಟ್ಟಿಸಿ ದಾರಿ ಮುಚ್ಚಿಸಿದ.

ರಿಪೇರಿ ಹನ್ನೊಂದು ದಿನ ನಡೆಯಿತು. ಹೊಸ ಪ್ಲೇಟು, ತುಕ್ಕು ಹಿಡಿಯದ ಸ್ಟೀಲ್ ಬೋಲ್ಟು, ನೈಲಾನ್ ಬಿಲ್ಲೆ ಎಲ್ಲ ಹಾಕುವವರೆಗೆ ಉತ್ತಪ್ಪನನ್ನು ಇರಲು ಬಿಟ್ಟರು. ಅಷ್ಟು ಮಾತ್ರ ಕರಣ್ ಕೈಲಾಯಿತು. ಉತ್ತಪ್ಪ ಮಾಡಿದ್ದನ್ನು ಅವನು ಬಹಳ ಹೊಗಳಿದ, ಕಾನೂನು ಬದಲಿಸುವುದು ಅವನ ಕೈಲಿರಲಿಲ್ಲ.

ಹನ್ನೆರಡನೇ ದಿನ ಹಗ್ಗ ಬಿಚ್ಚಿದರು. ಉತ್ತಪ್ಪ ಟ್ರಂಕು ಕೆಳಗಿಟ್ಟು, ಸೇತುವೆಯ ಕಂಬಿಗೆ ಒರಗಿ ನಿಂತಿದ್ದರು. ಗಿರಿಜಮ್ಮ ಮೈಸೂರಿನ ರೈಲಿಗೆಂದು ಚಪಾತಿ, ಚಟ್ನಿಪುಡಿ ಕಟ್ಟಿ ತಂದಿದ್ದರು.

“ಬೇಜಾರಾ?” ಎಂದರು.

“ಇದೆ. ಆದರೆ ನಿಂತಿದೆಯಲ್ಲಾ ಅಮ್ಮಾ!”

ಸ್ಕೂಲು ಬಿಟ್ಟಿತ್ತು. ಹನ್ನೊಂದು ದಿನ ಸುತ್ತಿ ಬಳಸಿ ಹೋಗಿ ಬೇಸತ್ತಿದ್ದ ಮಕ್ಕಳೆಲ್ಲ ಒಟ್ಟಿಗೇ ನುಗ್ಗಿದರು. ಉತ್ತಪ್ಪ ಅಂಗೈಯನ್ನು ಕಂಬಿಯ ಮೇಲೆ ಒತ್ತಿಟ್ಟು ಅದರ ನಡುಕವನ್ನು ಹಿಡಿಯುತ್ತ ಸ್ವಲ್ಪ ಹೊತ್ತು ಇದ್ದರು. ಆಮೇಲೆ ಗಿರಿಜಮ್ಮನ ಕಡೆ ತಿರುಗಿ, ಸಂಕೋಚದಿಂದ ಕೇಳಿದರು:

“ಇವರು ಓಡುವಾಗ ನನ್ನ ಸೇತುವೆ ಹೇಗೆ ಕೇಳಿಸುತ್ತೆ? ನಿಧಾನವಾಗಿ ಹೇಳಿ, ತುಟಿ ನೋಡ್ತೀನಿ.”