ಲಾಳಿಯ ಕೈಗೆ ಎದ್ದ ಎಂಜಿನ್ನು

ಎಂಬತ್ತರ ದಶಕದ ಕೊನೆಯ ಮಾತು. ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿಯುತ್ತಿದ್ದ ನನ್ನ ಸೋದರಮಾವ ರಜೆಗೆ ಮುಂಡರಗಿಗೆ ಬಂದಾಗ ರಿಮೋಟಿನಿಂದ ಓಡುವ ಎರಡು ಕಾರು ತಂದಿದ್ದ. ಒಂದು ನನಗೆ, ಒಂದು ನನ್ನ ತಮ್ಮನಿಗೆ; ನಾವಿಬ್ಬರೂ ಅವನನ್ನು ಕಾಣಲು ಅಲ್ಲಿಗೆ ಹೋಗಿದ್ದೆವು. ಒಂದಕ್ಕೆ ಬ್ಯಾಟರಿ, ಗುಂಡಿ ಒತ್ತಿದರೆ ಸಾಕು. ಇನ್ನೊಂದಕ್ಕೆ ನಿಜವಾದ ಎಂಜಿನ್ನು, ಕುಡಿಯಲು ನೈಟ್ರೋ ಎಂಬ ಎಣ್ಣೆ, ದಪ್ಪ ಹಲ್ಲಿನ ಗಾಲಿ, ಎಳೆದು ಚಾಲೂ ಮಾಡಲು ಒಂದು ಹಗ್ಗ.

"ದೊಡ್ಡಾಕಿ ನೀನು, ಮೊದಲ ನೀ ಆರಿಸ್ಕೋ" ಎಂದ ಮಾವ.

ಬ್ಯಾಟರಿಯದು ನುಣ್ಣಗೆ ಚೆಂದವಾಗಿತ್ತು. ಆದರೆ ಅದರ ಹೊಟ್ಟೆ ನೆಲಕ್ಕೆ ತಾಗುವಂತಿತ್ತು, ಓಡಿಸಬೇಕಾದದ್ದು ಮಾವನ ಎರೆಹೊಲದಲ್ಲಿ, ಹತ್ತಿ ಕಿತ್ತು ಹೆಂಟೆ ಎದ್ದ ನೆಲದಲ್ಲಿ. ನಾನು ಎಂಜಿನ್ ಕಾರಿನ ಮೇಲೆ ಕೈಯಿಟ್ಟೆ.

ತಮ್ಮ ಬಿದ್ದು ಬಿದ್ದು ನಕ್ಕ. "ಅಕ್ಕಾ, ಅದನ್ನ ಎಳ್ಯಾಕ ರಟ್ಟಿ ಬೇಕು. ಮಗ್ಗದಾಗ ಕುಂತ ಕೈಗೆ ಅದು ಬಗ್ಗಂಗಿಲ್ಲ."

ನನಗೆ ಉರಿದುಹೋಯಿತು. ಬೆಟಗೇರಿಯ ನಮ್ಮ ಮನೆಯಲ್ಲಿ ಸೀರೆ ನೇಯುತ್ತಿದ್ದವರು ಅವ್ವ ಮತ್ತು ನಾನು. ಮಗ್ಗಕ್ಕೆ ಕೂರು ಎಂದರೆ ಈ ಮಹಾಶಯನಿಗೆ ಕಾಲು ಜೋಮು ಹಿಡಿಯುತ್ತಿತ್ತು. ಆದರೆ ಮಾವನೂ ಗಡ್ಡ ಕೆರೆದುಕೊಂಡ.

"ಅಂವ ಹೇಳೂದೂ ಖರೆ ಐತಿ. ನಾ ಹಡಗಿಗೆ ಹೋದ ಮ್ಯಾಲ ಚಾಲೂ ಮಾಡಿಕೊಡವ್ರು ಯಾರು? ನಾಳೆ ಯಾರು ಚಾಲೂ ಮಾಡ್ತೀರಿ, ಅದು ಅವರಿಗೆ. ಆತಿಲ್ಲ?"

ಮರುದಿನ ಹೊಲದಲ್ಲಿ ಮಾವ ಎಣ್ಣೆ ಹೊಯ್ದು, ಪ್ಲಗ್ಗು ಕಾಯಿಸಿ ಕೊಟ್ಟ. ತಮ್ಮನದೇ ಮೊದಲ ಪಾಳಿ. ಬಾವಿಯಿಂದ ಕೊಡ ಸೇದುವವನಂತೆ ಹಗ್ಗವನ್ನು ಉದ್ದಕ್ಕೆ ಜಗ್ಗಿದ. ಎಂಜಿನ್ನು ಕೆಮ್ಮಿ ಸುಮ್ಮನಾಯಿತು. ಮತ್ತೆ ಮತ್ತೆ ಜಗ್ಗಿದ. ಅವನ ಮುಖ ಕೆಂಪಾಯಿತು, ಅಷ್ಟೇ. "ಇದು ಕೆಟ್ಟೈತಿ ಮಾಮಾ" ಎಂದು ಎದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

ನಾನು ಸೆರಗು ಸಿಕ್ಕಿಸಿ ಕುಳಿತೆ. ಭಯವಿತ್ತು, ಸುಳ್ಳೇಕೆ ಹೇಳಲಿ. ಹಗ್ಗದ ಹಿಡಿಕೆ ಬೆರಳಿಗೆ ಸಿಕ್ಕಿದ್ದೇ ಗುರುತು ಹತ್ತಿತು. ಮಗ್ಗದಲ್ಲಿ ಲಾಳಿ ಓಡಿಸುವ ಹಗ್ಗವೂ ಹೀಗೆಯೇ. ಮಣಿಕಟ್ಟಿನಿಂದ ಗಿಡ್ಡಗೆ ಚಿಮ್ಮಿಸಿ, ಸಡಿಲ ಬಿಟ್ಟು, ಮತ್ತೆ ಚಿಮ್ಮಿಸಬೇಕು. ಆ ಕೆಲಸಕ್ಕೆ ರಟ್ಟೆಯ ಹಂಗಿಲ್ಲ. ಅರ್ಧ ನೇಯ್ದ ಸೀರೆಯ ಮುಂದೆ ಕುಳಿತವಳಂತೆ ಚಿಮ್ಮಿಸಿದೆ. ಎಂಜಿನ್ನು ಚೀರಿಕೊಂಡು ಎದ್ದಿತು! ಔಡಲೆಣ್ಣೆ ಸುಟ್ಟಂಥ ಹೊಗೆ ಮುಖಕ್ಕೆ ಬಡಿಯಿತು. ಯಾವ ಅತ್ತರೂ ನನಗೆ ಅಷ್ಟು ಹಿತವಾಗಿರಲಿಲ್ಲ.

ಮಾವ ರಿಮೋಟು ಹಿಡಿಯುವುದನ್ನು ಕಲಿಸಿದ ಮೇಲೆ ಅಲ್ಲೇ ಪಂದ್ಯ. ಬದುವಿನ ಬೇವಿನ ಮರ ಸುತ್ತಿ ಬರಬೇಕು. ನನ್ನ ಕಾರು ಹೆಂಟೆಯಿಂದ ಹೆಂಟೆಗೆ ಹಾರಿ, ಇನ್ನೇನು ಮಗುಚಿತು ಎನ್ನುವಂತೆ ವಾಲಿ, ಮಣ್ಣು ತೂರುತ್ತಾ ಮರ ಸುತ್ತಿ ಬಂದೇಬಿಟ್ಟಿತು. ತಮ್ಮನ ಬ್ಯಾಟರಿ ಕಾರು ಅರ್ಧ ದಾರಿಯಲ್ಲೇ ಸಾಲಿನೊಳಗೆ ಹೊಟ್ಟೆ ಊರಿ ಕೂತಿತ್ತು. ನಾನು ನಾಚಿಕೆ ಬಿಟ್ಟು ಕೂಗಿದೆ. ಮಾವ ನನಗಿಂತ ಜೋರಾಗಿ ಕೂಗಿದ.

ಬೆಟಗೇರಿಗೆ ಮರಳುವ ಬಸ್ಸಿನಲ್ಲಿ ಕಾರು ನನ್ನ ತೊಡೆಯ ಮೇಲಿತ್ತು. ತಮ್ಮ ಅದರ ಹಗ್ಗದ ಹಿಡಿಕೆಯನ್ನು ಬೆರಳಿನಿಂದ ಮುಟ್ಟಿ ನೋಡಿದ.

"ಅಕ್ಕಾ, ಅದನ್ನ ಚಾಲೂ ಮಾಡಾಕ ನನಗೂ ಕಲಿಸ್ತೀಯೇನ?"

"ಕಲಿಸ್ತೀನಲೇ" ಎಂದೆ. "ನಾಳೆ ಮುಂಜಾನೆ ಜಲ್ದಿ ಏಳು. ಮೊದಲ ಮಗ್ಗಕ್ಕ ಕುಂಡ್ರು."